ಉಸಿರು ಕಟ್ಟಿದ ಬೋಲ್ಟ್

ಮೇಲಿನಿಂದ ನೋಡಿದರೆ ಆ ಬೋಲ್ಟ್ ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ನಮ್ಮ ಹಾಯಿದೋಣಿಯ ನೆಲದ ಹಲಗೆ ಎತ್ತಿದರೆ, ಅದರ ಹೊಟ್ಟೆಯಡಿಯ ಭಾರಿ ಕಬ್ಬಿಣವನ್ನು, ಅಂದರೆ ಕೀಲನ್ನು, ಹಿಡಿದಿರುವ ಬೋಲ್ಟ್‌ಗಳ ಎಂಟು ನಟ್‌ಗಳು ಎರಡು ಸಾಲಾಗಿ ಕಾಣುತ್ತವೆ. ಎಡಗಡೆಯ ನಾಲ್ಕರಲ್ಲಿ ಹಿಂದಿನಿಂದ ಎರಡನೆಯದು ಇದು. ಫಿಟ್ಟರ್ ಕಾಕಾ ಪಾನಾ ಹಾಕಿ ತಿರುಗಿಸಿದರು. ನಟ್ ಜೊತೆಗೆ ಬೋಲ್ಟೂ ತಿರುಗಿತು. ಕೈಯಿಂದ ಎಳೆದದ್ದೇ ತಡ, ಹಸಿ ಹೊಲದಿಂದ ಗಜ್ಜರಿ ಕಿತ್ತಂತೆ ಮೇಲೆ ಬಂತು. ಒಂದು ಗೇಣೂ ಇರಲಿಲ್ಲ. ತುದಿ ಇಲಿ ಕಡಿದ ಹಾಗೆ ಮೊನಚಾಗಿ, ಕಪ್ಪಾಗಿ ಮುರಿದಿತ್ತು.

“ಮ್ಯಾಲ ಚಂದ ಐತ್ರಿ ಅಕ್ಕಾರ, ಒಳಗ ಪೂರಾ ತಿಂದು ಹೋಗೈತಿ” ಎಂದರು ಕಾಕಾ. ಅವರು ಬಾಗಲಕೋಟೆ ಕಡೆಯವರು. ಮೂವತ್ತು ವರ್ಷಗಳಿಂದ ಗೋವಾದ ವಾಸ್ಕೋದ ಬೈನಾದಲ್ಲಿದ್ದು, ಮಾಂಡವಿ ಮತ್ತು ಜುವಾರಿ ನದಿಗಳ ದಂಡೆಯಲ್ಲಿ ಅದಿರು ಸಾಗಿಸುವ ಬಾರ್ಜುಗಳ ತಳ ರಿಪೇರಿ ಮಾಡಿದವರು. ಹಾಯಿದೋಣಿಯ ಕೆಲಸ ಅವರಿಗೆ ಅಪರೂಪ. ಆದರೆ ಉಪ್ಪುನೀರು ಲೋಹಕ್ಕೆ ಏನು ಮಾಡುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ನೋಡಿದವರನ್ನು ನಾನು ಕಂಡಿಲ್ಲ. ರಸಾಯನಶಾಸ್ತ್ರ ಕಲಿಸುವ ನನಗೆ ಆ ಮುರಿದ ತುಂಡಿನಲ್ಲಿ ಒಂದು ಇಡೀ ಪಾಠವಿತ್ತು.

ದೋಣಿ ನಮ್ಮದು, ಅಂದರೆ ಪಣಜಿಯ ನಾವು ಮೂವರು ಸ್ನೇಹಿತರು ಸೇರಿ ಮುಂಬೈಯಿಂದ ಕೊಂಡದ್ದು. ಇಪ್ಪತ್ತೆಂಟು ಅಡಿ ಉದ್ದದ ಫೈಬರ್ ದೋಣಿ, ವಯಸ್ಸು ಸುಮಾರು ನಲವತ್ತು. ಅದರ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆಯ ಹಾಗೆ ಇಳಿಬಿದ್ದಿರುವ, 1,200 ಕಿಲೋ ತೂಕದ ಬೀಡುಕಬ್ಬಿಣದ ಭಾಗವೇ ಕೀಲ್. ಕೀಲ್‌ಗೆ ಎರಡು ಕೆಲಸ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ದೋಣಿ ಏಡಿಯಂತೆ ಅಡ್ಡಡ್ಡ ಸರಿಯದ ಹಾಗೆ ನೀರನ್ನು ಹಿಡಿದು ನಿಲ್ಲುವುದು ಒಂದು. ನೇಗಿಲಿನ ಕುಳ ಮಣ್ಣಿನೊಳಗೆ ಇಳಿದು ಸಾಲು ತಪ್ಪದಂತೆ ಹಿಡಿಯುತ್ತದಲ್ಲ, ಹಾಗೆ. ಇನ್ನೊಂದು, ವಾಲಿದ ದೋಣಿಯನ್ನು ತನ್ನ ಭಾರದಿಂದ ಮತ್ತೆ ಎತ್ತಿ ನಿಲ್ಲಿಸುವುದು. ಬುಡದಲ್ಲಿ ತೂಕವಿರುವ ತಂಜಾವೂರು ಬೊಂಬೆಯನ್ನು ಎಷ್ಟು ಸಲ ಕೆಡವಿದರೂ ಏಳುವುದು ಇದೇ ಲೆಕ್ಕದಲ್ಲಿ.

ಕನ್ನಡದಲ್ಲಿ ಕೀಲು ಎಂದರೆ ಸಂದು, ಜೋಡಣೆ. ಮೊಣಕಾಲಿನದೂ ಕೀಲು, ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವುದೂ ಕಡೆಗೀಲು. ದೋಣಿಯ ಕೀಲ್‌ಗೂ ಈ ಪದಕ್ಕೂ ಸಂಬಂಧವಿಲ್ಲ, ಉಚ್ಚಾರ ಮಾತ್ರ ಹತ್ತಿರ. ಆದರೂ ಹಳೆ ದೋಣಿ ಇಟ್ಟುಕೊಂಡವರಿಗೆ ನೆನಪಿಡಲು ಇದು ಒಳ್ಳೆಯ ದಾರಿ: ಕೀಲ್‌ನ ಕಾಯಿಲೆ ಹೆಚ್ಚಾಗಿ ಅದರ ಕೀಲಿನಲ್ಲಿ, ಕಬ್ಬಿಣ ಫೈಬರನ್ನು ಮುಟ್ಟುವ ಆ ಒಂದು ಗೆರೆಯಲ್ಲಿ ಇರುತ್ತದೆ.

ಆ ಗೆರೆಯ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕೋಣ. ದೋಣಿ ಪೂರ್ತಿ ಅಡ್ಡ ಮಲಗಿತು ಎಂದುಕೊಳ್ಳಿ. ಗೋಡೆಗೆ ಹೊಡೆದ ಗೂಟದ ಹಾಗೆ ಕೀಲ್ ಅಡ್ಡಕ್ಕೆ ಚಾಚಿರುತ್ತದೆ. ಅದರ ತೂಕದ ಕೇಂದ್ರ ಜೋಡಣೆಯಿಂದ ಸುಮಾರು 70 ಸೆಂಟಿಮೀಟರ್ ದೂರ. ಅದನ್ನು ಹಿಡಿದಿರುವ ಮೇಲಿನ ಸಾಲಿನ ಬೋಲ್ಟ್‌ಗಳಿಗೂ ಕೆಳಗಿನ ಅಂಚಿಗೂ ನಡುವೆ ಇರುವುದು 20 ಸೆಂಟಿಮೀಟರ್ ಮಾತ್ರ. ಹಾರೆಯಿಂದ ಬಂಡೆ ಮೀಟಿದವರಿಗೆ ಗೊತ್ತು, ಉದ್ದ ತೋಳಿನ ತುದಿಯ ಸಣ್ಣ ಬಲ ಗಿಡ್ಡ ತೋಳಿನಲ್ಲಿ ಹಲವು ಪಟ್ಟಾಗುತ್ತದೆ. ಇಲ್ಲಿ 70ನ್ನು 20ರಿಂದ ಭಾಗಿಸಿದರೆ ಮೂರೂವರೆ ಪಟ್ಟು. 1,200 ಕಿಲೋದ ಕೀಲ್ ಆ ನಾಲ್ಕು ಬೋಲ್ಟ್‌ಗಳನ್ನು 4,200 ಕಿಲೋ ಬಲದಿಂದ ಎಳೆಯುತ್ತದೆ. ಒಂದೊಂದಕ್ಕೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಮೂವತ್ತು ಡಿಗ್ರಿ ವಾಲಿ ಓಡುವಾಗ ಇದರ ಅರ್ಧ.

ಹೊಸದಾದ, ಒಳ್ಳೆ ದರ್ಜೆಯ 20 ಮಿಲಿಮೀಟರ್ ಸ್ಟೇನ್‌ಲೆಸ್ ಬೋಲ್ಟ್‌ಗೆ ಇದು ಭಾರವೇ ಅಲ್ಲ. ಸುಮಾರು 11 ಟನ್ ಎಳೆತದವರೆಗೆ ಅದು ಹಿಗ್ಗದೆ ನಿಲ್ಲುತ್ತದೆ. ಹಾಗಾದರೆ ಚಿಂತೆ ಏಕೆ? ಏಕೆಂದರೆ ಬೋಲ್ಟ್‌ನ ಬಲ ಅದರ ದಪ್ಪಕ್ಕೆ ತಕ್ಕಂತೆ ಅಲ್ಲ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಯುತ್ತದೆ. ದಪ್ಪ ಅರ್ಧವಾದರೆ ಬಲ ಕಾಲು ಭಾಗ. ನಮ್ಮ ಬೋಲ್ಟ್ ಮುರಿಯುವ ಹೊತ್ತಿಗೆ ಅದರಲ್ಲಿ ಗಟ್ಟಿ ಉಳಿದದ್ದು 7 ಮಿಲಿಮೀಟರ್, ಅಂದರೆ ಬಲದಲ್ಲಿ ಎಂಟನೇ ಒಂದು ಪಾಲು. ಅದರ ಮೇಲೆ ಅಲೆಗಳ ಹೊಡೆತ. ಆರು ಸೆಕೆಂಡಿಗೊಂದು ಅಲೆ ಎಂದರೂ ಹತ್ತು ಗಂಟೆಯ ಓಟದಲ್ಲಿ ಆರು ಸಾವಿರ ಸಲ ಎಳೆದು ಬಿಟ್ಟಂತೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ದಣಿವು ಲೋಹದೊಳಗೆ ಕೂಡುತ್ತಾ ಹೋಗುತ್ತದೆ.

ಇನ್ನು ಸ್ಟೇನ್‌ಲೆಸ್ ಎಂಬ ಹೆಸರಿನ ವಿಷಯ. ಈ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ನಮ್ಮ ಅಜ್ಜಿ ಮಾತ್ರ ಉಪ್ಪಿನಕಾಯಿಯನ್ನು ಎಂದೂ ಸ್ಟೀಲ್ ಡಬ್ಬಿಗೆ ಹಾಕಲಿಲ್ಲ. ಪಿಂಗಾಣಿ ಭರಣಿಗೇ ಹಾಕಿದರು. ಕರಗದ ಉಪ್ಪು ಸ್ಟೀಲ್ ಪಾತ್ರೆಯ ತಳದಲ್ಲಿ ದಿನಗಟ್ಟಲೆ ಕೂತರೆ ಸೂಜಿಮೊನೆಯಂಥ ಗುಳಿಗಳು ಬೀಳುವುದನ್ನು ಯಾರ ಅಡುಗೆಮನೆಯಲ್ಲೂ ನೋಡಬಹುದು. ಸ್ಟೇನ್‌ಲೆಸ್ ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈಯಲ್ಲಿ ಒಂದು ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ. ಗೀರಿದರೂ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಕೂಡಿಕೊಳ್ಳಲು ಅದಕ್ಕೆ ಆಮ್ಲಜನಕ ಬೇಕೇ ಬೇಕು.

ಕೀಲ್‌ನ ಸಂದಿನಲ್ಲಿ ಅದು ಸಿಗುವುದಿಲ್ಲ. ಸಂದಿಗೆ ನೀರು ಬಾರದಂತೆ ತುಂಬಿದ ಹಳೆಯ ಮೆತ್ತನೆ ಅಂಟು, ಸೀಲಂಟ್, ಕೂದಲೆಳೆಯಷ್ಟು ಬಿಟ್ಟರೂ ಸಾಕು, ಸಮುದ್ರದ ನೀರು ಒಳಗೆ ಒಸರಿ ಬೋಲ್ಟ್‌ನ ಸುತ್ತ ನಿಲ್ಲುತ್ತದೆ. ಆ ಚಮಚದಷ್ಟು ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ. ಹೊಸ ನೀರು ಬಂದು ಹೋಗಲು ಜಾಗವಿಲ್ಲ. ಪೊರೆ ತೆಳುವಾದಲ್ಲಿ ಲೋಹ ಕರಗತೊಡಗುತ್ತದೆ. ಕರಗಿದ ಲೋಹದ ಅಯಾನುಗಳು ನೀರಿನೊಂದಿಗೆ ವರ್ತಿಸಿ ಆಮ್ಲ ಹುಟ್ಟುತ್ತದೆ. ಅವುಗಳ ಧನಾವೇಶ ಹೊರಗಿನ ಕ್ಲೋರೈಡನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮ್ಲವೂ ಕ್ಲೋರೈಡೂ ಸೇರಿ ಪೊರೆಯನ್ನು ಇನ್ನಷ್ಟು ಒಡೆಯುತ್ತವೆ. ಒಮ್ಮೆ ಶುರುವಾದ ಮೇಲೆ ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಕ್ರಿಯೆ. ಬೆಚ್ಚಗಿನ ನೀರಿನಲ್ಲಿ ಅದರ ವೇಗ ಹೆಚ್ಚು, ನಮ್ಮ ಕರಾವಳಿಯ ನೀರೋ ವರ್ಷವಿಡೀ ಬೆಚ್ಚಗೆ. ಎರಡು ಮೂರು ಶೇಕಡಾ ಮಾಲಿಬ್ಡಿನಂ ಬೆರೆಸಿದ 316 ದರ್ಜೆಯ ಉಕ್ಕು ಅದನ್ನು ಬೆರೆಸದ 304 ದರ್ಜೆಯ ಉಕ್ಕಿಗಿಂತ ಹೆಚ್ಚು ದಿನ ತಾಳುತ್ತದೆ, ಆದರೆ ಈ ಕ್ರಿಯೆಯಿಂದ ಅದಕ್ಕೂ ಬಿಡುಗಡೆ ಇಲ್ಲ.

ಹೀಗಾಗಿ ಬೋಲ್ಟ್‌ನ ತಲೆ ಒಣಗಿದ ದೋಣಿಯೊಳಗೆ ಗಾಳಿ ಕುಡಿಯುತ್ತಾ ಫಳಫಳ ಹೊಳೆಯುತ್ತದೆ, ಮೂರು ಬೆರಳು ಕೆಳಗೆ ಅದರ ಕತ್ತು ಕರಗುತ್ತಿರುತ್ತದೆ. ತಲೆ ನೋಡಿ ಕತ್ತಿನ ಬಗ್ಗೆ ಏನೂ ಹೇಳಲಾಗದು. ಹಳೆ ದೋಣಿ ಕೊಳ್ಳುವಾಗ “ಬೋಲ್ಟೆಲ್ಲ ಚೆನ್ನಾಗಿವೆ, ಟೈಟ್ ಮಾಡಿಸಿದ್ದೇವೆ” ಎಂದು ನಮಗೂ ಹೇಳಿದ್ದರು. ಸುಳ್ಳು ಹೇಳಿರಲಿಕ್ಕಿಲ್ಲ, ಅವರಿಗೆ ಕಂಡದ್ದು ಅಷ್ಟೇ. ಸವೆದ ಬೋಲ್ಟ್‌ನ ನಟ್ಟನ್ನು ಬಿಗಿ ಮಾಡಿದರೆ ಉಳಿದಿರುವ ಸಣ್ಣ ಕತ್ತಿನ ಮೇಲೆ ಇನ್ನಷ್ಟು ಎಳೆತ ಹೇರಿದಂತಾಗುತ್ತದೆ. ಅದನ್ನು ನಾನು ದುರಸ್ತಿ ಎನ್ನಲಾರೆ.

ಕೀಲ್ ಕಳಚಿಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆ ಸಾಕು. 1985ರ ಫಾಸ್ಟ್‌ನೆಟ್ ಹಾಯಿದೋಣಿ ಓಟದಲ್ಲಿ ಗಾಯಕ ಸೈಮನ್ ಲೆ ಬಾನ್ ಇದ್ದ ‘ಡ್ರಮ್’ ದೋಣಿಯ ಕೀಲ್ ಮುರಿದು ದೋಣಿ ಮಗುಚಿತು; ಇಂಗ್ಲೆಂಡ್ ತೀರ ಹತ್ತಿರವಿದ್ದುದರಿಂದ ಎಲ್ಲರೂ ಬದುಕಿದರು. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ ‘ಚೀಕಿ ರಫೀಕಿ’ಯ ಕೀಲ್ ಕಳಚಿದಾಗ ಹಾಗಾಗಲಿಲ್ಲ. ನಾಲ್ವರೂ ಹೋದರು. ಮಗುಚಿದ ದೋಣಿ ಸಿಕ್ಕಾಗ ಜೀವರಕ್ಷಕ ತೆಪ್ಪ ಅದರೊಳಗೇ ಇತ್ತು, ಹೊರತೆಗೆಯಲೂ ಸಮಯ ಸಿಕ್ಕಿರಲಿಲ್ಲ. ಹಿಂದೆ ನೆಲಕ್ಕೆ ತಾಗಿದ ಪೆಟ್ಟುಗಳು ಮತ್ತು ಆಮೇಲಿನ ರಿಪೇರಿಗಳು ಕೂಡಿ ಕೀಲ್ ಹಿಡಿದಿದ್ದ ಚೌಕಟ್ಟನ್ನು ದುರ್ಬಲ ಮಾಡಿರಬಹುದು ಎಂದು ಬ್ರಿಟನ್ನಿನ ತನಿಖಾಧಿಕಾರಿಗಳು ಬರೆದರು. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ದೋಣಿಯೂ ಆಗ್ವಾದ ಬಳಿಯ ಮರಳುದಿಬ್ಬಕ್ಕೆ ಒಮ್ಮೆ ತಾಗಿತ್ತು.

ನೆಲಕ್ಕೆ ತಾಗಿದರೆ ಪೆಟ್ಟು ಬೀಳುವುದು ಕೀಲ್‌ನ ಮುಂದಿನ ಕೆಳತುದಿಗೆ, ಆದರೆ ಗಾಯ ಹುಡುಕಬೇಕಾದದ್ದು ಹಿಂಬದಿಯ ಮೇಲ್ತುದಿಯಲ್ಲಿ. ಕೀಲ್ ತಟ್ಟನೆ ನಿಂತರೂ ದೋಣಿ ಮುಂದಕ್ಕೆ ಹೋಗಲು ನೋಡುತ್ತದೆ. ಆಗ ಕೀಲ್‌ನ ಮುಂದಿನ ಭಾಗ ದೋಣಿಯಿಂದ ಕೆಳಕ್ಕೆ ಎಳೆಯುತ್ತದೆ, ಹಿಂದಿನ ಭಾಗ ತಳವನ್ನು ಮೇಲಕ್ಕೆ ತಿವಿಯುತ್ತದೆ. ಅಲ್ಲಿ ತಳಕ್ಕೆ ಬಲ ಕೊಡಲು ಒಳಗೆ ಅಂಟಿಸಿದ ಫೈಬರ್ ಅಡ್ಡಪಟ್ಟಿಗಳು ತಳದಿಂದ ಬಿಟ್ಟುಕೊಂಡಿರುತ್ತವೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಬಿಟ್ಟಲ್ಲಿ ತೆಂಗಿನ ಒಣಚಿಪ್ಪಿನ ಹಾಗೆ ಡಬ್ ಎನ್ನುತ್ತದೆ. ಕಾಕಾ ಕಿವಿಯಿಂದಲೇ ಮೂರು ಜಾಗ ಹಿಡಿದರು. ಆ ಪಟ್ಟಿಗಳನ್ನು ಬಿಟ್ಟು ಬೋಲ್ಟ್ ಮಾತ್ರ ಬದಲಿಸಿದರೆ ಟೊಳ್ಳಾದ ಗೋಡೆಗೆ ಹೊಸ ಮೊಳೆ ಹೊಡೆದಂತೆ.

ಮುಂಬೈಯಲ್ಲಿ ತೇಗದಿಂದ ಕಟ್ಟಿದ ‘ಸುಹೈಲಿ’ಯಲ್ಲಿ ಸರ್ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರಿಂದ 69ರವರೆಗೆ ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತಿದ ಮೊದಲಿಗರಾದರು. ಆ ಯಾನದ ಆರಂಭದಲ್ಲೇ ಕೀಲ್ ಹತ್ತಿರದ ಹಲಗೆಸಂದಿನಿಂದ ನೀರು ಒಸರತೊಡಗಿತ್ತು. ಅವರು ಅಟ್ಲಾಂಟಿಕ್ ನೀರಿಗೆ ಇಳಿದು, ಮುಳುಗಿ ಮುಳುಗಿ ಸಂದಿಗೆ ಹತ್ತಿ ತುರುಕಿ ಮೇಲೆ ಕ್ಯಾನ್ವಾಸ್ ಪಟ್ಟಿ ಹೊಡೆದರು. ಮರದ ದೋಣಿಯ ಒಂದು ದೊಡ್ಡ ಗುಣ ಇದು: ಅದರ ಸಂದು ತನ್ನ ನೋವನ್ನು ನೀರಾಗಿ ತೋರಿಸುತ್ತದೆ. ಫೈಬರ್ ದೋಣಿಯ ಬೋಲ್ಟ್ ಎಷ್ಟೋ ಸಲ ಒಂದು ಹನಿಯನ್ನೂ ಒಳಗೆ ಬಿಡದೆ ಸವೆಯುತ್ತದೆ.

ಹಾಗಾಗಿ ಕೀಲ್ ಇಳಿಸುವುದೇ ಸರಿ ಎಂದು ತೀರ್ಮಾನಿಸಿದೆವು. ಕಿವಿಗೆ ಕೇಳದ ಶ್ರವಣಾತೀತ ತರಂಗ ಕಳಿಸಿ ಬೋಲ್ಟ್‌ನ ಉದ್ದ ಅಳೆಯುವ ಯಂತ್ರವಿದೆ. ಅಡಿತುದಿಗೆ ತಾಗಿ ಬರಬೇಕಾದ ಪ್ರತಿಧ್ವನಿ ಬೇಗ ಬಂದರೆ ನಡುವೆ ಮುರಿದಿದೆ ಎಂದು ಅರ್ಥ. ಆದರೆ ಒಂದು ಬೋಲ್ಟ್ ಕೈಗೇ ಬಂದ ಮೇಲೆ ಉಳಿದ ಏಳನ್ನು ಅಳೆಯುತ್ತಾ ಕೂರುವುದರಲ್ಲಿ ಅರ್ಥವಿರಲಿಲ್ಲ.

ಕ್ರೇನಿನ ಬೆಲ್ಟ್‌ಗಳಲ್ಲಿ ದೋಣಿಯನ್ನು ಎತ್ತಿ, ಕೀಲ್ ಸುತ್ತ ಮರದ ತೊಟ್ಟಿಲು ಕಟ್ಟಿದೆವು. ನಟ್‌ಗಳನ್ನು ಬಿಚ್ಚಿದರೂ ಎರಡನ್ನು ಕೆಲವು ಎಳೆಗಳಷ್ಟು, ಅಂದರೆ ತಿರುಪಿನ ಸುತ್ತುಗಳಷ್ಟು, ಹಾಗೇ ಬಿಡಬೇಕು. ಟನ್ನಿಗೂ ಮೀರಿದ ಕಬ್ಬಿಣ ಒಮ್ಮೆಲೇ ಜಾರದಿರಲಿ ಎಂದು. ಹಳೆ ಸೀಲಂಟ್ ಕೊಯ್ಯಲು ತಂತಿ, ಮರದ ಬೆಣೆ, ಒಂದು ಇಡೀ ಹಗಲು. ಬಿಟ್ಟುಕೊಂಡಾಗ ಒಳಗಿನಿಂದ ಕಪ್ಪು ನೀರು ಇಳಿಯಿತು, ಕೊಳೆತ ಮೊಟ್ಟೆಯ ವಾಸನೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರದ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡಿದಾಗ ಬರುವ ವಾಸನೆ ಅದು. ಒಳಗೆ ಗಾಳಿ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡವಾಯಿತು. ಎಂಟರಲ್ಲಿ ಒಂದು ಮುರಿದಿತ್ತು, ಮೂರಕ್ಕೆ ಕತ್ತು ಸವೆದಿತ್ತು.

ಬೀಡುಕಬ್ಬಿಣಕ್ಕೂ ತನ್ನದೇ ರೋಗವಿದೆ. ಉಪ್ಪುನೀರು ಅದರ ಕಬ್ಬಿಣವನ್ನು ಮಾತ್ರ ಕರಗಿಸಿ, ಒಳಗಿನ ಗ್ರಾಫೈಟನ್ನು ಹಾಗೇ ಬಿಡುತ್ತದೆ. ಆಕಾರ ಬದಲಾಗುವುದಿಲ್ಲ, ಆದರೆ ಚಾಕುವಿನಿಂದ ಪೆನ್ಸಿಲ್ ಹೆರೆದಂತೆ ಹೆರೆಯಬಹುದು. ಸ್ಟೇನ್‌ಲೆಸ್ ಬೋಲ್ಟ್ ಪಕ್ಕದಲ್ಲಿದ್ದರೆ ಎರಡೂ ಸೇರಿ ಬ್ಯಾಟರಿಯಂತಾಗಿ ಸವೆಯುವ ಪಾಲು ಕಬ್ಬಿಣಕ್ಕೇ ಬರುತ್ತದೆ. ಬೋಲ್ಟ್ ಕೂರುವ ತೂತುಗಳ ಸುತ್ತ ಮೆತ್ತಗಾದದ್ದನ್ನೆಲ್ಲ ಗಟ್ಟಿ ಲೋಹ ಸಿಗುವ ತನಕ ಕೊರೆದು, ಹೊಸ ಎಳೆ ಹಾಕಿ, ಬೋಲ್ಟ್‌ನ ದಪ್ಪದ ಎರಡರಷ್ಟು ಆಳಕ್ಕೆ ಹೊಸ 316 ಬೋಲ್ಟ್‌ಗಳನ್ನು ಕೂರಿಸಿದೆವು. ಸೀಸದ ಕೀಲ್‌ನಲ್ಲಿ ಬೋಲ್ಟ್‌ಗಳನ್ನು ಎರಕ ಹೊಯ್ಯುವಾಗಲೇ ಒಳಗೆ ಸೇರಿಸಿರುತ್ತಾರೆ. ಅಲ್ಲಿ ಪಕ್ಕದಿಂದ ಕಿಟಕಿ ಕೊರೆದು ಬದಲಿಸಬೇಕು, ಅದು ಬೇರೆಯೇ ಕಸುಬು.

ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ. ದೋಣಿ ದಡದಲ್ಲಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಲ್ಲಿನಂತೆ ಗಟ್ಟಿಯಾಗುವ ಅಂಟಾದ ಎಪಾಕ್ಸಿಗೆ ವೈರಿಯಾದ ತೇವ ತುಂಬಿರುವುದೂ ಆಗಲೇ. ಆ ಗಾಳಿಯಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಊಟ ಮುಗಿಸಿ ಬರುವಷ್ಟರಲ್ಲಿ ಕೆಂಪಾಗುತ್ತದೆ. ಲೋಹದ ಮೇಲ್ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ಇಲ್ಲದಿದ್ದರೆ ಕಣ್ಣಿಗೆ ಕಾಣದ ನೀರಿನ ಪದರದ ಮೇಲೆ ಬಣ್ಣ ಬಳಿದಂತೆ. ಆದ್ದರಿಂದ ಬಿಚ್ಚುವುದು, ಕೊರೆಯುವುದು, ಉಜ್ಜುವುದು ಮಳೆಗಾಲದಲ್ಲಿ ನಡೆಯಲಿ. ಅಂಟಿಸುವುದು ಅಕ್ಟೋಬರ್ ಬಿಸಿಲಿಗೆ ಕಾಯಲಿ. ನಾವು ಹಾಗೇ ಕಾದೆವು. ಬಿಟ್ಟುಕೊಂಡ ಅಡ್ಡಪಟ್ಟಿಗಳ ಹಳೆ ಫೈಬರ್ ಕೂಡ ಆಗಲೇ ಪೂರ್ತಿ ಒಣಗಿತು. ಪ್ರತಿ ಒಂದು ಮಿಲಿಮೀಟರ್ ದಪ್ಪಕ್ಕೆ ಹನ್ನೆರಡು ಮಿಲಿಮೀಟರ್ ಅಗಲ ಇಳಿಜಾರು ಮಾಡಿ ಹೊಸ ಪದರ ಹಾಕಿದೆವು. ಕಡಿದಾದ ಅಂಚಿನಲ್ಲಿ ಭಾರ ಒಂದೇ ಗೆರೆಗೆ ಕೂಡಿ ಅಲ್ಲೇ ಸೀಳುತ್ತದೆ.

ಕೀಲ್ ಮತ್ತೆ ಏರಿಸುವಾಗ ಎರಡು ಹಂತ. ಮೊದಲು ಗಟ್ಟಿ ಎಪಾಕ್ಸಿ ಹಚ್ಚಿ, ನಡುವೆ ಅಂಟದ ಹಾಳೆ ಇಟ್ಟು, ಎರಡು ಮೇಲ್ಮೈಗಳೂ ಒಂದರ ಅಚ್ಚನ್ನು ಇನ್ನೊಂದು ತೆಗೆದುಕೊಳ್ಳುವಂತೆ ಕೂರಿಸಿದೆವು. ಅದು ಗಟ್ಟಿಯಾದ ಮೇಲೆ ಬಿಡಿಸಿ, ಮೆತ್ತನೆಯ ಪಾಲಿಯುರೆಥೇನ್ ಸೀಲಂಟ್ ಧಾರಾಳವಾಗಿ ಹಾಕಿ, ಬೋಲ್ಟ್‌ಗಳ ಕತ್ತಿಗೆ ಉಂಗುರದಂತೆ ಸುತ್ತಿ, ಮತ್ತೆ ಏರಿಸಿದೆವು. ಭಾರ ಹೊರುವುದು ಮುಖಕ್ಕೆ ಮುಖ ಕೂತ ಎಪಾಕ್ಸಿ. ನೀರು ತಡೆಯುವುದು ಸೀಲಂಟ್. ಒಂದೇ ವಸ್ತುವಿನಿಂದ ಎರಡನ್ನೂ ಮಾಡಿಸಲು ಹೋಗುವುದು ನನಗೆ ಸರಿಕಾಣುವುದಿಲ್ಲ. ನಟ್‌ಗಳ ಕೆಳಗೆ ಅಗಲವಾದ ದಪ್ಪ ತಗಡು, ಎಳೆಗಳಿಗೆ ಗ್ರೀಸು. ಒಣ ಸ್ಟೇನ್‌ಲೆಸ್ ನಟ್ ಬಿಗಿಯುವಾಗ ಬೋಲ್ಟ್‌ಗೇ ಬೆಸೆದುಕೊಂಡುಬಿಡುತ್ತದೆ. ಆ ದಿನ ಸೀಲಂಟ್ ಅಂಚಿನಿಂದ ಉಕ್ಕುವಷ್ಟೇ ಬಿಗಿದು ಬಿಟ್ಟೆವು. ಪೂರ್ತಿ ಹಿಂಡಿ ತೆಗೆದರೆ ನೀರು ತಡೆಯಲು ಏನು ಉಳಿದೀತು? ಅದು ಗಟ್ಟಿಯಾದ ಮೇಲೆ ನಡುವಿನಿಂದ ತುದಿಗೆ, ಎಡಬಲ ಬದಲಿಸುತ್ತಾ, ತಯಾರಕರು ಹೇಳಿದ ಅಳತೆಗೆ, ತಿರುಗಿಸುವ ಬಲವನ್ನು ತೋರಿಸುವ ಟಾರ್ಕ್ ಪಾನಾದಿಂದ ಬಿಗಿದೆವು.

ಕೊನೆಗೆ ಕಾಕಾ ಕೆಂಪು ಬಣ್ಣದ ಡಬ್ಬಿ ತಂದು, ಪ್ರತಿ ನಟ್ಟಿನಿಂದ ಕೆಳಗಿನ ತಗಡಿನ ಮೇಲೆ ಇಳಿಯುವಂತೆ ಒಂದೊಂದು ನೇರ ಗೆರೆ ಎಳೆದರು. “ನಟ್ ಸರಿದ್ರ ಗೆರಿ ತುಂಡ ಆಗತೈತ್ರಿ ಅಕ್ಕಾರ. ಪಾನಾ ಹಚ್ಚೂದ ಬ್ಯಾಡ, ನೋಡಿದ್ರ ಸಾಕು.” ನವೆಂಬರ್ ಮೊದಲ ವಾರ ದೋಣಿ ನೀರಿಗಿಳಿಯಿತು. ಡಿಸೆಂಬರ್‌ನಲ್ಲಿ ಹಲಗೆ ಎತ್ತಿ ನೋಡಿದಾಗ ಮುಂದಿನ ಎರಡು ಗೆರೆಗಳು ಕೂದಲಷ್ಟು ತುಂಡಾಗಿದ್ದವು. ಮತ್ತೆ ಅಳತೆಗೆ ಬಿಗಿದು ಹೊಸ ಗೆರೆ ಎಳೆದೆವು. ಫೆಬ್ರವರಿಯಲ್ಲಿ ಎಂಟೂ ನೇರವಾಗಿದ್ದವು, ನೀರು ಒಸರಿದರೆ ಗೊತ್ತಾಗಲೆಂದು ತಳದಲ್ಲಿ ಉದುರಿಸಿದ ಸೀಮೆಸುಣ್ಣದ ಪುಡಿ ಒಣಗಿಯೇ ಇತ್ತು.