ಪಾಷಾಣ ಇಡುವ ಮೊದಲು ಕಡಿದ ತೆಂಡೆಯನ್ನು ನೋಡಿ

ಭದ್ರಾ ಅಚ್ಚುಕಟ್ಟಿನ ಕೆರೆಯಂಚಿನ ಗದ್ದೆಗಳಲ್ಲಿ ಭತ್ತದ ತೆಂಡೆಗಳು, ಅಂದರೆ ಬುಡದಿಂದ ಒಡೆದ ಕವಲು ದಂಟುಗಳು, ತುಂಡಾಗಿ ಬಿದ್ದರೆ ದೂರು ಮೊದಲು ಹೋಗುವುದು ನೇರಳೆ ಜಂಬುಕೋಳಿಯ ಮೇಲೆ. ಕೆಂಪು ಕೊಕ್ಕಿನ ಆ ಹಕ್ಕಿ ಹಗಲಿನಲ್ಲೇ ಪೈರಿನ ನಡುವೆ ಓಡಾಡುತ್ತದೆ. ಹೆಗ್ಗಣವಾದರೋ ಕತ್ತಲಾದ ಮೇಲೆ ಬಿಲದಿಂದ ಹೊರಡುತ್ತದೆ. ಕಣ್ಣಿಗೆ ಬಿದ್ದದ್ದೇ ಕಳ್ಳನೆಂದು ತೀರ್ಮಾನಿಸಿ ಬದುವಿನ ಮೇಲೆ ವಿಷದ ಕಾಳು ಚೆಲ್ಲುವುದನ್ನು ಇಷ್ಟು ವರ್ಷ ಕಂಡೂ ನನಗೆ ಸಹಿಸಲಾಗಿಲ್ಲ.

ದಯವಿಟ್ಟು ಕಡಿದ ತೆಂಡೆಯನ್ನು ಕೈಗೆತ್ತಿಕೊಂಡು ನೋಡಿ. ಹೆಗ್ಗಣದ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಉಳಿಯಂತೆ ಹರಿತವಾಗಿರುತ್ತದೆ. ಅದು ಕಡಿದ ದಂಟಿನ ತುದಿ ಕುಡುಗೋಲಿನಿಂದ ಓರೆಯಾಗಿ ಕೊಯ್ದಂತೆ ಕಾಣುತ್ತದೆ. ಜಂಬುಕೋಳಿಗೆ ಕೊಯ್ಯಲು ಹಲ್ಲಿಲ್ಲ. ಅದು ದಂಟನ್ನು ಕೊಕ್ಕಿನಿಂದ ಎಳೆದು, ಉದ್ದ ಬೆರಳುಗಳ ಕಾಲಿನಲ್ಲಿ ಹಿಡಿದು, ಬುಡದ ಮೆತ್ತನೆಯ ಬಿಳಿ ತಿರುಳನ್ನು ತಿಂದು ಉಳಿದದ್ದನ್ನು ಬಿಡುತ್ತದೆ. ಹಾಗಾಗಿ ಅಲ್ಲಿ ಸಿಗುವುದು ಸೀಳಿದ, ಜಜ್ಜಿದ, ನಾರು ಎದ್ದ ದಂಟು. ಓರೆಯಾಗಿ ಕೊಯ್ದಂತಿದ್ದರೆ ಹೆಗ್ಗಣ, ನಾರು ಎದ್ದಿದ್ದರೆ ಹಕ್ಕಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತಲೇ ಇದ್ದೇನೆ. ಆದರೆ ಒಂದು ದಂಟು ಸಾಲದು, ಹತ್ತಿಪ್ಪತ್ತಾದರೂ ನೋಡಬೇಕು. ಒಂದೇ ಗದ್ದೆಯಲ್ಲಿ ಎರಡರ ಹಾವಳಿಯೂ ಇರಬಹುದು, ಎಳೆ ಪೈರನ್ನು ಏಡಿಯೂ ಕತ್ತರಿಸುತ್ತದೆ.

ಕಳೆದ ಬೇಸಿಗೆ ಬೆಳೆಯಲ್ಲಿ ಹಿರಿಯ ರೈತರೊಬ್ಬರು ಟವೆಲಿನಲ್ಲಿ ಸುತ್ತಿ ತಂದ ತೆಂಡೆಗಳನ್ನು ನನ್ನ ಮುಂದೆ ಬಿಚ್ಚಿ, "ನೋಡಿ ಸಾರ್, ಕೋಳಿ ಮಾಡಿರೋ ಕೆಲಸ" ಎಂದರು. ಮೂವತ್ತರಷ್ಟಿದ್ದ ದಂಟುಗಳೆಲ್ಲವೂ ಓರೆಯಾಗಿ ಕೊಯ್ದಂತಿದ್ದವು. ಅವರೊಂದಿಗೆ ಹೋಗಿ ನೋಡಿದರೆ, ಹುಲ್ಲು ಬೆಳೆದ ಅಗಲ ಬದುವಿನಲ್ಲಿ ಹೊಸ ಮಣ್ಣಿನಿಂದ ಬಾಯಿ ಮುಚ್ಚಿದ ಏಳು ಬಿಲಗಳಿದ್ದವು. ಒಂದನ್ನು ಅಗೆದಾಗ ಕೂಡಿಟ್ಟ ತೆನೆಗಳ ರಾಶಿಯೇ ಸಿಕ್ಕಿತು. ಅವರು ಒಂದು ತೆನೆಯನ್ನು ಎತ್ತಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು; ನನಗೂ ಏನೂ ಹೇಳಬೇಕೆನಿಸಲಿಲ್ಲ.

ಜಿಂಕ್ ಫಾಸ್ಫೈಡ್ ಎಂಬ ಇಲಿ ಪಾಷಾಣ ಬೆರೆತ ಕಾಳನ್ನು ಬಯಲಲ್ಲಿ ಚೆಲ್ಲಿದರೆ ತಿಂದ ಹಕ್ಕಿಯೂ ಸಾಯುತ್ತದೆ, ಮತ್ತು ಜಂಬುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹೆಗ್ಗಣವೇ ಎಂದು ಖಚಿತವಾದರೆ ಎರಡು ಮೂರು ದಿನ ವಿಷವಿಲ್ಲದ ಕಾಳು ಇಟ್ಟು ರೂಢಿ ಮಾಡಿಸಿ, ಆಮೇಲೆ ಶೇ 2ರಷ್ಟು ಈ ಪಾಷಾಣ ಬೆರೆತ ಕಾಳನ್ನು ಪೊಟ್ಟಣ ಕಟ್ಟಿ ಬಿಲದೊಳಗೇ ಇಟ್ಟು ಬಾಯಿ ಮುಚ್ಚಬೇಕು, ಅದೂ ಕೃಷಿ ಅಧಿಕಾರಿಗಳನ್ನು ಕೇಳಿಕೊಂಡು. ಪೈರು ಹೊಡೆಯಾಗುವ, ಅಂದರೆ ದಂಟಿನೊಳಗೆ ತೆನೆ ಮೂಡಿ ಉಬ್ಬುವ, ಮೊದಲೇ ಇದು ಮುಗಿಯಬೇಕು. ಆ ನಂತರ ಕಡಿದುಹೋದ ತೆಂಡೆಯ ನಷ್ಟವನ್ನು ಪೈರು ತುಂಬಿಕೊಳ್ಳಲಾರದು. ಬದುವನ್ನು ಒಂದಡಿಗಿಂತ ಕಿರಿದು ಮಾಡಿ ಹುಲ್ಲು ಸವರಿದರೆ ಬಿಲ ತೋಡಲು ಜಾಗ ಕಡಿಮೆಯಾಗುತ್ತದೆ. ಹಕ್ಕಿಯೇ ಆಗಿದ್ದರೆ ಜೊಂಡಿನ ಬದಿಯಲ್ಲಿ ಹೊಳೆಯುವ ರಿಬ್ಬನ್ ಕಟ್ಟಿ, ಬೆಳಿಗ್ಗೆ ಸಂಜೆ ಒಬ್ಬರು ಕಾವಲಿದ್ದು ಓಡಿಸಬೇಕು.