ನಮ್ಮ ಹಸುವಿಗೆ ವಿದ್ಯಾರ್ಥಿಗಳು ಕೈ ಹಾಕಿ ನೋಡಬಹುದೇ?

ಪ್ರಶ್ನೆ: ನಮ್ಮೂರಿನ ಬರಡು ರಾಸುಗಳ ಶಿಬಿರಕ್ಕೆ ಪಶುವೈದ್ಯ ಕಾಲೇಜಿನ ಮಕ್ಕಳು ಬಂದಿದ್ದರು. ಡಾಕ್ಟರು ಗುದದ್ವಾರದ ಮೂಲಕ ಕೈ ಹಾಕಿ ಗರ್ಭಕೋಶ ನೋಡಿದ ಮೇಲೆ ಒಬ್ಬ ಹುಡುಗಿಯೂ ನಮ್ಮ ಹಸುವಿಗೆ ಕೈ ಹಾಕಿ ನೋಡಿದಳು. ಗಬ್ಬದ ಹಸುವಾಗಿದ್ದರೆ ತೊಂದರೆ ಆಗುತ್ತಿರಲಿಲ್ಲವೇ?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ. ಮೃದುವಾಗಿ, ಪಕ್ಕದಲ್ಲಿ ಡಾಕ್ಟರು ನಿಂತಿರುವಾಗ ಒಬ್ಬರು ನೋಡಿದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ಒಂದೇ ಹಸುವಿಗೆ ಸಾಲುಗಟ್ಟಿ ಹತ್ತು ಜನ ಕೈ ಹಾಕಲು ಖಂಡಿತ ಬಿಡಬೇಡಿ. ಹಸು ತಿಣುಕುತ್ತಿದ್ದರೆ, ಗ್ಲೌಸಿನ ಮೇಲೆ ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಒಂದು, ಒಂದೂವರೆ ತಿಂಗಳ ಗಬ್ಬವಿರಬಹುದು ಅನ್ನಿಸಿದರೆ ಮೊದಲೇ ಹೇಳಿ. ಆಗ ಒರಟು ಕೈ ಸಲ್ಲದು.

ಈ ಪರೀಕ್ಷೆಯಲ್ಲಿ ಕೈಯೇ ಕಣ್ಣು. ಸಗಣಿ ತೆಗೆದು, ಕರುಳಿನ ಗೋಡೆಯ ಆಚೆಗಿರುವ ಗರ್ಭಕೋಶವನ್ನು ಬೆರಳಲ್ಲೇ ಹುಡುಕಬೇಕು. ಮೊದಲ ಸಲ ಕೈ ಹಾಕಿದವರಿಗೆ ಬಿಸಿ, ಬಿಗಿತ ಬಿಟ್ಟು ಏನೂ ತಿಳಿಯುವುದಿಲ್ಲ. ಎಷ್ಟೋ ಹಸುಗಳನ್ನು ನೋಡಿದ ಮೇಲೆ, ಎರಡು ತಿಂಗಳ ಗಬ್ಬದಲ್ಲಿ ಗರ್ಭಕೋಶದ ಎರಡು ಕೊಂಬುಗಳಲ್ಲಿ (ಕವಲುಗಳಲ್ಲಿ) ಒಂದು ಇನ್ನೊಂದಕ್ಕಿಂತ ದಪ್ಪಗೆ, ಒಳಗೆ ನೀರು ತುಂಬಿದಂತೆ ಇರುವುದು ಗೊತ್ತಾಗುತ್ತದೆ. ಪುಸ್ತಕ ಓದಿ ಇದು ಬರುವುದಿಲ್ಲ. ಅದಕ್ಕೇ ಪಶುವೈದ್ಯ ಪದವಿಯ 5.5 ವರ್ಷಗಳಲ್ಲಿ ಕೊನೆಯ 1 ವರ್ಷ ಪೂರ್ತಿ ಇಂಟರ್ನ್‌ಶಿಪ್ ಇಟ್ಟಿದ್ದಾರೆ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಎಲ್ಲಿ ಓದಿದರೂ ಅಷ್ಟೇ.

ಕಾಲೇಜಿನ ಆಸ್ಪತ್ರೆಯಲ್ಲೂ ಹಸುಗಳಿರುತ್ತವೆ, ನಿಜ. ಆದರೆ ಅಲ್ಲಿ ರೈತರ ಮನೆಯ ಕೊಟ್ಟಿಗೆ ಇರುವುದಿಲ್ಲ. ನಾನು ಕಲಿಯುತ್ತಿದ್ದಾಗ ಒಂದು ಹಳ್ಳಿಯಲ್ಲಿ ಮೇವು ಬಿಟ್ಟ ಹಸುವನ್ನು ನೋಡಲು ಹೋಗಿದ್ದೆವು. ಜ್ವರ ನೋಡಿದೆ, ಇರಲಿಲ್ಲ. ಎಡಹೊಟ್ಟೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಹಿಡಿದೆ. ಚೆನ್ನಾಗಿರುವ ಹಸುವಿನ ಹೊಟ್ಟೆ ಎರಡು ನಿಮಿಷಕ್ಕೆ ಮೂರು ಸಲದಷ್ಟು ಅಲುಗಿ ಮುಷ್ಟಿಯನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿ ಅಲುಗಾಟವೇ ಇಲ್ಲ, ಕಲಸಿದ ಹಿಟ್ಟಿನ ಹಾಗೆ ಮುಷ್ಟಿ ಒಳಗಿಳಿಯಿತು. ಕಾರಣ ಹೊಳೆಯದೆ ನಿಂತಿದ್ದೆ. ಜಗುಲಿ ಮೇಲಿದ್ದ ಅಜ್ಜಿ, 'ಮೊನ್ನೆ ಮದುವೆಮನೇಲಿ ಉಳಿದ ಅನ್ನ ಸುರಿದಿದ್ವಿ ಮಗಾ, ಅದೇನಾದ್ರೂ ಆಗಿರಬೋದಾ?' ಅಂದರು. ಅದೇ ಆಗಿತ್ತು: ಒಮ್ಮೆಲೇ ತಿಂದ ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ಮೆಲುಕು ನಿಂತಿತ್ತು. ಥರ್ಮಾಮೀಟರ್ ತೆಗೆಯುವ ಮುಂಚೆ ಮನೆಯವರನ್ನು ಕೇಳಬೇಕು ಅನ್ನುವುದನ್ನು ನಾನು ಕಲಿತದ್ದು ಆ ಕೊಟ್ಟಿಗೆಯಲ್ಲಿ.

ಇನ್ನು ಜವಾಬ್ದಾರಿಯ ಮಾತು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯವೃತ್ತಿ ಮಾಡುವವರು ನೋಂದಾಯಿತ ಪಶುವೈದ್ಯರಾಗಿರಬೇಕು. ಹಾಗಾಗಿ 'ಇಲ್ಲಿ ಡಾಕ್ಟರು ಯಾರು? ವಿದ್ಯಾರ್ಥಿ ನೋಡಿದ್ದನ್ನು ನೀವೂ ನೋಡಿದಿರಾ?' ಎಂದು ಧೈರ್ಯವಾಗಿ ಕೇಳಿ. ಬೇಡ ಅನ್ನಿಸಿದರೆ ಬೇಡ ಎನ್ನಿ. ಬೇಡ ಅಂದಿರೆಂದು ಚಿಕಿತ್ಸೆ ಕಡಿಮೆಯಾಗಬಾರದು.

ಒಪ್ಪುವುದಾದರೆ ಹಸು ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖು ಬರೆದುಕೊಂಡು ಹೋಗಿ. ವಿದ್ಯಾರ್ಥಿನಿ ಕೈ ತೆಗೆದು, ಎಷ್ಟು ತಿಂಗಳ ಗಬ್ಬವೆಂಬ ತನ್ನ ಲೆಕ್ಕ ಹೇಳಿದ ಮೇಲೆ ಆ ಚೀಟಿ ತೋರಿಸಿ.