ಎರಡು ಮೀಟರ್, ಒಂದು ಗಂಟೆ: ಆಸ್ಪತ್ರೆಯಲ್ಲಿ ‘ನಿಕಟ ಸಂಪರ್ಕ’ ಅಂದರೆ ಯಾವುದು?

ಉಸಿರಾಟದ ಸೋಂಕು ಆಸ್ಪತ್ರೆಯೊಳಗೆ ಹೇಗೆ ಹರಡುತ್ತದೆ ಎಂದು ಓದುವವರು ದಕ್ಷಿಣ ಕೊರಿಯಾದ 2015ರ ಮರ್ಸ್ (ಕೊರೊನಾ ಜಾತಿಯ ವೈರಸ್ಸಿನಿಂದ ಬರುವ ಉಸಿರಾಟದ ಕಾಯಿಲೆ) ಪ್ರಕರಣವನ್ನು ಬಿಡಬಾರದು. ಕೊಲ್ಲಿ ದೇಶಗಳಿಂದ ಮರಳಿದ ಒಬ್ಬರಿಂದ ಶುರುವಾಗಿ 186 ಮಂದಿಗೆ ಸೋಂಕು ತಗುಲಿತು. 38 ಮಂದಿ ಸತ್ತರು. ಬಹುಪಾಲು ಸೋಂಕು ಹಬ್ಬಿದ್ದು ಆಸ್ಪತ್ರೆಗಳಲ್ಲೇ.

ಮೊದಲ ರೋಗಿಗೆ ಮೇ 11ರಂದು ಲಕ್ಷಣ ಕಂಡಿತು, ರೋಗ ಖಚಿತವಾದದ್ದು ಮೇ 20ರಂದು. ಅಷ್ಟರಲ್ಲಿ ಅವರು ಹಲವು ಆಸ್ಪತ್ರೆಗಳಿಗೆ ಹೋಗಿಬಂದಿದ್ದರು. ಎರಡು ಮೀಟರ್ ಒಳಗೆ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಇದ್ದವರಷ್ಟೇ ನಿಕಟ ಸಂಪರ್ಕದವರು, ಅಂದರೆ ಸೋಂಕು ತಗುಲಿರಬಹುದಾದವರು ಎಂದು ಅಧಿಕಾರಿಗಳು ಹಿಡಿದರು. ಎಡವಿದ್ದು ಇಲ್ಲೇ. ಪ್ಯೊಂಗ್‌ಟೆಕ್ ನಗರದ ಆಸ್ಪತ್ರೆಯಲ್ಲಿ ಮೊದಲ ರೋಗಿಯ ವಾರ್ಡಿನಲ್ಲೇ ಬೇರೆ ಕೋಣೆಯಲ್ಲಿದ್ದ ಇನ್ನೊಬ್ಬ ರೋಗಿ ಸಂಪರ್ಕದವರ ಪಟ್ಟಿಗೆ ಬರಲಿಲ್ಲ. ದಾಖಲೆಗಳಲ್ಲಿ ಅವರು ‘14ನೇ ರೋಗಿ’. ಮೇ 27ರಿಂದ 29ರವರೆಗೆ ಅವರು ಸೋಲ್‌ನ ದೊಡ್ಡ ಆಸ್ಪತ್ರೆಯೊಂದರ ಕಿಕ್ಕಿರಿದ ತುರ್ತು ವಿಭಾಗದಲ್ಲಿದ್ದರು. ಅಲ್ಲಿ 82 ಮಂದಿಗೆ ಸೋಂಕು: 33 ರೋಗಿಗಳು, 8 ಸಿಬ್ಬಂದಿ, ಉಳಿದ 41 ಮಂದಿ ರೋಗಿಗಳ ಜೊತೆಗಿದ್ದವರು, ನೋಡಲು ಬಂದವರು. ರೋಗಿಗಳ ಪೈಕಿ ಆ 14ನೇ ರೋಗಿ ಇದ್ದ ಭಾಗದಲ್ಲೇ ಇದ್ದವರಲ್ಲಿ ಸುಮಾರು 20% ಜನಕ್ಕೆ ತಗುಲಿತು. ನೋಂದಣಿ ಅಥವಾ ಎಕ್ಸ್‌ರೇ ಜಾಗದಲ್ಲಿ ಸ್ವಲ್ಪ ಹೊತ್ತು ಎದುರಾದವರಲ್ಲಿ 5%.

ಹತ್ತಿರವಿದ್ದಷ್ಟೂ, ಹೆಚ್ಚು ಹೊತ್ತು ಇದ್ದಷ್ಟೂ ಅಪಾಯ ಹೆಚ್ಚು, ನಿಜ. ಆದರೆ ಮೀಟರಿನ ಗೆರೆ ದಾಟಿದ ಕೂಡಲೇ ಅದು ಸೊನ್ನೆಯಾಗುವುದಿಲ್ಲ. ಕೆಮ್ಮಿನ ದಪ್ಪ ಹನಿಗಳು ಒಂದೆರಡು ಮೀಟರಿನೊಳಗೆ ಬೀಳುತ್ತವೆ. ಸಣ್ಣ ಕಣಗಳು ಗಾಳಿಯಲ್ಲೇ ಉಳಿಯುತ್ತವೆ. ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವುದು), ಸಕ್ಷನ್ (ಕಫ ಹೀರಿ ತೆಗೆಯುವುದು), ಇಂಟ್ಯುಬೇಷನ್ (ಶ್ವಾಸನಾಳಕ್ಕೆ ಕೊಳವೆ ಹಾಕುವುದು) ನಡೆಯುವಾಗ ಅವು ಇನ್ನೂ ಹೆಚ್ಚಬಹುದು. ಆಗ ಸರ್ಜಿಕಲ್ ಮಾಸ್ಕ್ ಸಾಲದು, ಸಣ್ಣ ಕಣಗಳನ್ನೂ ಸೋಸುವ ಎನ್95 ಮಾಸ್ಕ್ ಬೇಕು. ಗಡ್ಡವಿದ್ದರೆ ಅದು ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಹಾಕಿಕೊಂಡೂ ಪ್ರಯೋಜನ ಕಡಿಮೆ.

ಗಾಳಿಯ ಲೆಕ್ಕ ಬಾಯಿಗೆ ಬರಲಿ. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ, ರೋಗಿ ಹೊರಹೋದ ಮೇಲೆ 99% ಕಣಗಳು ತೊಲಗಲು ಸುಮಾರು 23 ನಿಮಿಷ ಬೇಕು. 6 ಬಾರಿಯಾದರೆ 46 ನಿಮಿಷ. ಮಾಮೂಲಿ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಹೊರಗಾಳಿ ತರುವುದಿಲ್ಲ. ‘ಎಸಿ ಇದೆಯಲ್ಲ’ ಎಂದು ಕಿಟಕಿ ಮುಚ್ಚುವುದು ನಮ್ಮ ವಾರ್ಡುಗಳಲ್ಲೂ ಕಾಣುವ ತಪ್ಪು.

ಇನ್ನು ಕೈ. ಒಂದೇ ಜೊತೆ ಗ್ಲೌಸಿನಲ್ಲಿ ನಾಲ್ಕು ಬೆಡ್ ಮುಗಿಸಿದರೆ ಅದು ರಕ್ಷಿಸುವುದು ಹಾಕಿಕೊಂಡವರನ್ನು ಮಾತ್ರ. ಬಿಪಿ ಕಫ್, ಆಕ್ಸಿಮೀಟರ್ ಕ್ಲಿಪ್ ಒರೆಸದೆ ಮುಂದಿನ ಬೆಡ್ಡಿಗೆ ಹೋಗಬಾರದು. ಹ್ಯಾಂಡ್‌ರಬ್ (ಕೈ ಶುಚಿಯ ಆಲ್ಕೋಹಾಲ್ ದ್ರಾವಣ) ಆದರೆ 20–30 ಸೆಕೆಂಡು, ಕೈ ಒಣಗುವ ತನಕ ಉಜ್ಜಬೇಕು. ಪಿಪಿಇ (ಮೈಗೆ ಹಾಕುವ ರಕ್ಷಣಾ ಸಾಮಗ್ರಿ) ಬಿಚ್ಚುವ ಒಂದು ಕ್ರಮ: ಗ್ಲೌಸ್, ಕನ್ನಡಕ, ಗೌನ್, ಎನ್95 ಕೊನೆಗೆ, ಕೋಣೆಯಿಂದ ಹೊರಬಂದು ಬಾಗಿಲು ಹಾಕಿದ ಮೇಲೆ, ಹಿಂದಿನ ಪಟ್ಟಿ ಹಿಡಿದು. ಮುಂಭಾಗ ಮುಟ್ಟಿದರೆ ಆ ಕೈ ಹೋಗುವುದು ನೇರ ಮೂಗಿಗೆ. ಬಿಚ್ಚಿದ ಮೇಲೆ ಮತ್ತೆ ಕೈ ಶುಚಿ.

ಸೋಲ್‌ನಲ್ಲಿ ಸೋಂಕು ತಗುಲಿದ, ರೋಗಿಗಳ ಜೊತೆಗಿದ್ದ, ನೋಡಲು ಬಂದ ಆ 41 ಮಂದಿಯ ಸಂಖ್ಯೆ ನೆನಪಿರಲಿ. ಕೇಸ್ ಶೀಟಿನಲ್ಲಿ ರೋಗಿಯ ಹೆಸರಿರುತ್ತದೆ, ಡ್ಯೂಟಿ ರೋಸ್ಟರಿನಲ್ಲಿ ಸಿಬ್ಬಂದಿಯ ಹೆಸರಿರುತ್ತದೆ. ಬೆಡ್ ಪಕ್ಕ ರಾತ್ರಿಯಿಡೀ ಕೂತ, ರೋಗಿಯ ಕಡೆಯವರ ಹೆಸರು ಎಲ್ಲಿಯೂ ಇರುವುದಿಲ್ಲ. ಸಂಪರ್ಕದವರ ಪಟ್ಟಿ ಮಾಡುವಾಗ ಅವರ ಹೆಸರು, ಫೋನ್ ನಂಬರ್, ಬಂದ ಮತ್ತು ಹೋದ ಹೊತ್ತು ಮೊದಲು ಬರೆದುಕೊಳ್ಳಿ.